ಕೆಂಚಿ ಮತ್ತು ಬೀದಿನಾಯಿಗಳ ಚರಿತ್ರೆಯ ಕೆಲವು ಪುಟಗಳು



ಕೆಲವು ದಿನಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದ್ದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ತಾವಿರುವ ವಸತಿ ಸಮುಚ್ಚಯದ ಸಂಘಕ್ಕೆ ಅವರೇ ಕಾರ್ಯದರ್ಶಿ. ಅಲ್ಲಿ ಬೀದಿನಾಯಿಗಳ ವಿಷಯವಾಗಿ ದೊಡ್ಡ ಜಗಳವೆದ್ದಿದೆಯಂತೆ. ಅರ್ಧ ಜನ ರಾತ್ರಿ ಅನ್ನ ಹಾಕುವವರು, ಇನ್ನರ್ಧ ಜನ ಅವುಗಳನ್ನು ಹಿಡಿದೊಯ್ಯಬೇಕೆನ್ನುವವರು. ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ. "ಸಾರ್, ನೀವು ನಮಗೆ ಚರಿತ್ರೆ ಹೇಳಿಕೊಟ್ಟವರು. ಇದಕ್ಕೂ ಒಂದು ಚರಿತ್ರೆ ಇರಬೇಕಲ್ಲ, ಬರೆಯಬಾರದೇ?" ಎಂದು ಕೇಳಿದರು. ಮಾತು ಮುಗಿಸುವ ಮುನ್ನ ಇನ್ನೊಂದನ್ನು ಸೇರಿಸಿದರು: "ನಮ್ಮ ಸ್ಕೂಲಿನ ಕೆಂಚಿಯನ್ನ ಆಗ ತೋಟಕ್ಕೆ ಬಿಟ್ಟುಬಂದರಲ್ಲ ಸಾರ್, ಹಾಗೆ ಇವನ್ನೂ ಎಲ್ಲಾದರೂ ಬಿಟ್ಟುಬರೋಕೆ ಆಗೋಲ್ವಾ?"

"ನೋಡೋಣಮ್ಮ" ಎಂದು ಹೇಳಿ ಫೋನು ಇಟ್ಟೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೆಂಚಿಯನ್ನು ಯಾರೂ ಯಾವ ತೋಟಕ್ಕೂ ಬಿಟ್ಟುಬಂದಿರಲಿಲ್ಲ. ಹಾಗೆಂದು ತರಗತಿಯಲ್ಲಿ ನಿಂತು ಹೇಳಿದವನು ನಾನು. ಅದು ಸುಳ್ಳು. ಸುಮಾರು ನಲವತ್ತೇಳು ವರ್ಷಗಳ ಮೇಲೆ ಆ ಸುಳ್ಳು ಇನ್ನೂ ಒಬ್ಬರ ಮನಸ್ಸಿನಲ್ಲಿ ಸತ್ಯವಾಗಿ ಉಳಿದಿದೆಯೆಂದು ತಿಳಿದಾಗ, ಚರಿತ್ರೆಯನ್ನು ಬರೆಯುವುದಕ್ಕೆ ಮೊದಲು ಈ ಚಿಕ್ಕ ಚರಿತ್ರೆಯನ್ನು ಸರಿಪಡಿಸಬೇಕೆನಿಸಿತು.

ಬಯಲುಸೀಮೆಯ ಆ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ 1975ರಿಂದ 1978ರವರೆಗೆ ಓದಿದವರಿಗೆ ಕೆಂಚಿಯ ನೆನಪಿರಲೇಬೇಕು. ಕೆಂಬಣ್ಣದ ಸಾಧಾರಣ ಹೆಣ್ಣುನಾಯಿ. ಬಲಗಿವಿಯ ತುದಿ ಹರಿದಿತ್ತು. ಪ್ರಾರ್ಥನೆಯ ಹೊತ್ತಿಗೆ ಧ್ವಜಸ್ತಂಭದ ಕಟ್ಟೆಯ ಬಳಿ ಬಂದು ಮಲಗುತ್ತಿತ್ತು. ಮಧ್ಯಾಹ್ನ ನೀವು ಬುತ್ತಿ ಬಿಚ್ಚಿದೊಡನೆ ಹುಣಸೆಮರದ ಕೆಳಗೆ ಹಾಜರಾಗುತ್ತಿತ್ತು. ಯಾರೋ ರೊಟ್ಟಿಯ ಚೂರು, ಯಾರೋ ಮುದ್ದೆಯ ತುಣುಕು ಹಾಕುತ್ತಿದ್ದಿರಿ. ವರ್ಷಕ್ಕೆ ಎರಡು ಬಾರಿ ಮರಿ ಹಾಕುತ್ತಿತ್ತು. ಅವುಗಳಲ್ಲಿ ಹೆಚ್ಚಿನವು ಬಸ್ಸಿನ ಚಕ್ರಕ್ಕೋ ರೋಗಕ್ಕೋ ಸಿಕ್ಕಿ ಸಾಯುತ್ತಿದ್ದವು. ಉಳಿದ ಒಂದೆರಡು ಊರಿನ ಹಿಂಡಿಗೆ ಸೇರುತ್ತಿದ್ದವು. ಅದರಲ್ಲಿ ಆಲೋಚಿಸುವಂಥದ್ದೇನಿದೆಯೆಂದು ಆಗ ನಮಗಾರಿಗೂ ತೋರಲಿಲ್ಲ.

1978ರ ಮಳೆಗಾಲದಲ್ಲಿ ಕೆಂಚಿ ನೀರಿನ ತೊಟ್ಟಿಯ ಹಿಂದೆ ಮರಿ ಹಾಕಿತ್ತು. ಎಂಟನೆಯ ತರಗತಿಯ ಹುಡುಗನೊಬ್ಬ ಮರಿಯನ್ನೆತ್ತಲು ಹೋದಾಗ ಅವನ ಮುಂಗೈಯನ್ನು ಕಚ್ಚಿತು. ಆ ಹುಡುಗ ಪಟ್ಟ ಪಾಡನ್ನು ನಾನು ಹಗುರಾಗಿ ಹೇಳಲಾರೆ. ಅವನ ತಂದೆ ಕೂಲಿ ಮಾಡುವವರು. ದಿನವೂ ಕೆಲಸ ಬಿಟ್ಟು, ಮಗನನ್ನು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು, ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡು ಬಂದರು. ಊರಿನಲ್ಲಿ ಭಯ ಹಬ್ಬಿತು. ಪುರಸಭೆಗೆ ಒಂದು ಪತ್ರ ಹೋಗಬೇಕೆಂದು ತೀರ್ಮಾನವಾಯಿತು. ನನ್ನ ಕೈಬರಹ ಚೆನ್ನಾಗಿದೆಯೆಂಬ ಕಾರಣಕ್ಕೆ ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ಶಾಲಾ ಆವರಣದ ನಾಯಿಗಳನ್ನು ನಿರ್ಮೂಲ ಮಾಡಿಕೊಡಬೇಕಾಗಿ ವಿನಂತಿ" ಎಂದು ಬರೆದುಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಬಂದರು. ಬೋಂಡಾದೊಳಗೆ ವಿಷವಿಟ್ಟು ತಂದಿದ್ದರು. ಕೆಂಚಿ ಮನುಷ್ಯರ ಕೈಯಿಂದ ತಿಂದು ರೂಢಿಯಿದ್ದ ನಾಯಿ. ಕರೆದೊಡನೆ ಬಾಲವಾಡಿಸಿಕೊಂಡು ಬಂದಿತು. ಒಟ್ಟು ಏಳು ನಾಯಿಗಳು ಸತ್ತವು. ತೊಟ್ಟಿಯ ಹಿಂದಿನ ಮರಿಗಳ ಕುಂಯ್‌ಗುಡುವಿಕೆ ಮರುದಿನವೂ ಕೇಳುತ್ತಿತ್ತು. ಅದರ ಮರುದಿನ ಕೇಳಲಿಲ್ಲ. ಸೋಮವಾರ ನೀವು "ಕೆಂಚಿ ಎಲ್ಲಿ ಸಾರ್?" ಎಂದು ಕೇಳಿದಾಗ, "ದೂರದ ತೋಟಕ್ಕೆ ಬಿಟ್ಟಿದ್ದಾರೆ, ಅಲ್ಲಿ ಚೆನ್ನಾಗಿದೆ" ಎಂದೆ. ಮರುವರ್ಷ ಬೇಸಗೆ ಕಳೆಯುವ ಹೊತ್ತಿಗೆ ಅದೇ ಆವರಣದಲ್ಲಿ ಎಂಟು ಹೊಸ ನಾಯಿಗಳಿದ್ದವು.

ಈ ಕೊನೆಯ ವಾಕ್ಯದಲ್ಲಿರುವ ಪಾಠ ನನಗೆ ಅರ್ಥವಾಗಲು ಹಲವು ವರ್ಷಗಳು ಬೇಕಾದವು. ಇನ್ನು ಚರಿತ್ರೆಗೆ ಬರುತ್ತೇನೆ.

ನಾಯಿಯನ್ನು ಕುರಿತು ನಮ್ಮ ಪೂರ್ವಿಕರ ಮನಸ್ಸು ಎರಡಾಗಿಯೇ ಇತ್ತು. ಬೈಗುಳಕ್ಕೆ ನಾಯಿಯ ಹೆಸರು ಬೇಕು; ವೈಶ್ವದೇವದ ಬಲಿಯಲ್ಲಿ ಅದೇ ನಾಯಿಗೆ ಒಂದು ತುತ್ತನ್ನೂ ಎತ್ತಿಡಬೇಕು. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಸೋದರರು ಯಜ್ಞಶಾಲೆಯ ಬಳಿ ಬಂದ ನಾಯಿಮರಿಯೊಂದನ್ನು ಹೊಡೆಯುತ್ತಾರೆ. ಅದರ ತಾಯಿ ಸರಮೆ ಬಂದು, ನನ್ನ ಮಗ ಹವಿಸ್ಸನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ, ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅರಸುಮಕ್ಕಳ ಬಳಿ ಉತ್ತರವಿರುವುದಿಲ್ಲ. ನಿಮಗೆ ಕಾಣದ ಭಯವೊಂದು ಬಂದೊದಗಲಿ ಎಂದು ಆಕೆ ಶಪಿಸುತ್ತಾಳೆ. ಅದೇ ಕಾವ್ಯದ ಕೊನೆಯ ಭಾಗದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ನಿಲ್ಲುತ್ತಾನೆ. ಈ ಎರಡು ಕಥೆಗಳನ್ನೂ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ನಮ್ಮ ಕನ್ನಡ ನಾಡಿನಲ್ಲಿಯೇ ಇದಕ್ಕಿಂತ ಹತ್ತಿರದ ಸಾಕ್ಷಿಯೊಂದಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ ಶಕ 872ರದು, ಅಂದರೆ ಕ್ರಿ.ಶ. 949–950ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಬೂತುಗನ ವೀರನಾದ ಮಣಲೆರನು ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದಾಗ, 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿರುವ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಆದರೆ ಕಾಳಿಗೆ ಒಡೆಯನಿದ್ದ. ಒಡೆಯನಿಲ್ಲದ ನಾಯಿಯ ಪ್ರಶ್ನೆ ದೊಡ್ಡದಾದದ್ದು ನಗರಗಳು ಬೆಳೆದು, ಆಡಳಿತವೆಂಬುದು ಬೀದಿಗೆ ಇಳಿದ ಮೇಲೆ.

ಅದರ ಮೊದಲ ದೊಡ್ಡ ಘಟನೆ ನಡೆದದ್ದು ಮುಂಬಯಿಯಲ್ಲಿ. ಅಲ್ಲಿನ ಬ್ರಿಟಿಷ್ ಆಡಳಿತ 1813ರಲ್ಲಿಯೇ ವರ್ಷದ ಕೆಲವು ಗೊತ್ತಾದ ವಾರಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಲು ನಿಯಮ ಮಾಡಿತ್ತು. 1832ರಲ್ಲಿ ಆ ಅವಧಿಯನ್ನು ಜೂನ್ ಮಧ್ಯದವರೆಗೆ ವಿಸ್ತರಿಸಲಾಯಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಬಹುಮಾನ. ಹಣದಾಸೆಗೆ ಪೇದೆಗಳು ಮನೆಗಳ ಅಂಗಳಕ್ಕೂ ನುಗ್ಗತೊಡಗಿದರು. ಪಾರಸಿ ಜನರಿಗೆ ನಾಯಿ ಪವಿತ್ರ ಪ್ರಾಣಿ. ಸತ್ತವರ ದೇಹವನ್ನು ನಾಯಿಯ ದೃಷ್ಟಿಗೆ ತೋರಿಸುವ 'ಸಗ್‌ದೀದ್' ಎಂಬ ವಿಧಿ ಅವರಲ್ಲಿದೆ. 1832ರ ಜೂನ್ 6ರಂದು, ಅವರ ಹಬ್ಬದ ದಿನವೇ, ನಾಯಿ ಹಿಡಿಯುತ್ತಿದ್ದ ಪೇದೆಗಳ ಮೇಲೆ ಕೋಟೆ ಪ್ರದೇಶದಲ್ಲಿ ಗುಂಪು ಬಿದ್ದಿತು. ಮರುದಿನ ಅಂಗಡಿಮುಂಗಟ್ಟುಗಳು ಮುಚ್ಚಿದವು. ಹಿಂದೂ, ಜೈನ, ಮುಸ್ಲಿಮ್ ವರ್ತಕರೂ ಜೊತೆಗೂಡಿದರು. ಕೊಲಾಬಾದ ಸೈನ್ಯಕ್ಕೆ ಹೋಗಬೇಕಾಗಿದ್ದ ಆಹಾರಸಾಮಗ್ರಿಯೂ ತಡೆಯಲ್ಪಟ್ಟಿತು. ಕೊನೆಗೆ ಸೈನ್ಯವೇ ಬರಬೇಕಾಯಿತು. 1857ಕ್ಕೆ ಇಪ್ಪತ್ತೈದು ವರ್ಷ ಮೊದಲೇ ಮುಂಬಯಿಯ ಬೀದಿ ಕಂಪನಿ ಸರ್ಕಾರದ ವಿರುದ್ಧ ಎದ್ದದ್ದು ಬೀದಿನಾಯಿಗಳಿಗಾಗಿ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಇದರ ಫಲವಾಗಿ 1834ರಲ್ಲಿ ಜಮಶೇಟ್‌ಜಿ ಜೀಜೀಭಾಯಿ ಹಾಗೂ ಜೈನ ವರ್ತಕ ಮೋತಿಚಂದ್ ಅಮೀಚಂದ್ ಮುಂತಾದವರ ದಾನದಿಂದ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು. ನಾಯಿಗಳನ್ನು ಕೊಲ್ಲುವ ಬದಲು ಅಲ್ಲಿ ಸಾಕಬಹುದೆಂಬುದು ಅವರ ಆಶಯ. ದಯೆ ದೊಡ್ಡದು, ಆದರೆ ಗೋಡೆಯೊಳಗಿನ ಜಾಗಕ್ಕೆ ಮಿತಿಯಿದೆ, ಬೀದಿಯಲ್ಲಿ ಹುಟ್ಟುವ ಮರಿಗಳಿಗೆ ಮಿತಿಯಿಲ್ಲ. ಈ ತೊಡಕು ಮುಂದೆಯೂ ನಮ್ಮ ಬೆನ್ನು ಬಿಡಲಿಲ್ಲ.

ಆಡಳಿತದವರ ಭಯವೂ ಬರಿಯ ನೆಪವಾಗಿರಲಿಲ್ಲ. ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅತ್ಯಂತ ಅಪರೂಪ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ತಮ್ಮ ಲಸಿಕೆಯನ್ನು ಕೊಟ್ಟರು, ಹುಡುಗ ಉಳಿದನು. ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಆರಂಭವಾಯಿತು. ನಾಯಿ ಕಚ್ಚಿದ ದಕ್ಷಿಣದವರು ಅಲ್ಲಿಗೆ ತಲುಪುವುದಾದರೂ ಹೇಗೆ? 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಆಂಗ್ಲ ತರುಣಿ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ತೀರಿಕೊಂಡಳು. ಆ ಸಾವಿನ ಮರುಕದಿಂದ, ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ಹಣದ ನೆರವಿನಿಂದ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಎರಡನೆಯ ಪಾಶ್ಚರ್ ಸಂಸ್ಥೆ ಬಾಗಿಲು ತೆರೆಯಿತು.

ನಮ್ಮ ಶಾಲೆಯ ಹುಡುಗನ ಹೊಟ್ಟೆಯ ಸುತ್ತ ಹಾಕಿದ ಹದಿನಾಲ್ಕು ಚುಚ್ಚುಮದ್ದಿನ ಮೂಲವೂ ಇಲ್ಲಿಯದೇ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ರೂಪಿಸಿದ ಲಸಿಕೆ ಅದು. ಕುರಿಯ ಮೆದುಳಿನ ಅಂಗಾಂಶದಿಂದ ತಯಾರಾಗುತ್ತಿತ್ತು. ನೋವಿನ ಜೊತೆಗೆ ಕೆಲವರಿಗೆ ನರಮಂಡಲದ ತೊಂದರೆಗಳನ್ನೂ ಉಂಟುಮಾಡುತ್ತಿತ್ತು. ಆದರೂ 2004ರ ಕೊನೆಯವರೆಗೆ ನಮ್ಮ ದೇಶದ ಬಡವರಿಗೆ ಅದೇ ಗತಿಯಾಗಿತ್ತು. ಆಮೇಲಷ್ಟೇ ತೋಳಿಗೆ ಹಾಕುವ ಆಧುನಿಕ ಲಸಿಕೆಗಳು ಅದರ ಸ್ಥಾನವನ್ನು ಪೂರ್ಣವಾಗಿ ಪಡೆದವು.

ರೋಗಕ್ಕೆ ಮದ್ದು ದೊರೆತರೂ ನಾಯಿಗಳಿಗೆ ಸಿಕ್ಕಿದ್ದು ಕೊಲೆಯೇ. ಮದರಾಸಿನ ನಗರಾಡಳಿತ ನಾಯಿಗಳನ್ನು ಹಿಡಿದು ಕೊಲ್ಲುವುದನ್ನು 1860ರಲ್ಲಿ ಪ್ರಾರಂಭಿಸಿತು. ಅಲ್ಲಿನ 'ಬ್ಲೂ ಕ್ರಾಸ್' ಸಂಸ್ಥೆ ಕೊಡುವ ಲೆಕ್ಕದಂತೆ, 1995ರ ಹೊತ್ತಿಗೆ ದಿನಕ್ಕೆ 135 ನಾಯಿಗಳನ್ನು ಕೊಲ್ಲಲಾಗುತ್ತಿತ್ತು. ನೂರಮೂವತ್ತೈದು ವರ್ಷ ಎಡೆಬಿಡದೆ ಕೊಂದ ಮೇಲೂ ಬೀದಿಯಲ್ಲಿ ನಾಯಿಗಳು ಕಡಿಮೆಯಾಗಲಿಲ್ಲ.

ಏಕೆ ಹೀಗಾಯಿತು? ಬೀದಿಯಲ್ಲಿ ಎಷ್ಟು ನಾಯಿಗಳು ಬದುಕಬಲ್ಲವು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಅಲ್ಲಿ ಸಿಗುವ ಆಹಾರ: ತಿಪ್ಪೆ, ಹೋಟೆಲಿನ ಎಂಜಲು, ಕಸಾಯಿಖಾನೆಯ ತ್ಯಾಜ್ಯ. ನಮ್ಮ ಶಾಲೆಯ ಹಿಂದೆ ಎರಡು ಹೋಟೆಲುಗಳ ಎಂಜಲೆಲೆಯ ರಾಶಿಯಿತ್ತು. ಏಳು ನಾಯಿಗಳು ಸತ್ತವು. ರಾಶಿ ಹಾಗೆಯೇ ಉಳಿಯಿತು. ತೆರವಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿಗಳು ಬಂದವು. ನಾಯಿಯ ಗರ್ಭಧಾರಣೆಯ ಕಾಲ ಅರವತ್ತಮೂರು ದಿನಗಳಷ್ಟೇ. ಸ್ಪರ್ಧೆ ತಗ್ಗಿ ಆಹಾರ ಹೆಚ್ಚಿದಾಗ ಬದುಕುಳಿಯುವ ಮರಿಗಳೂ ಹೆಚ್ಚುತ್ತವೆ. ಹೊಸದಾಗಿ ಬಂದ ನಾಯಿಗಳಿಗೆ ಲಸಿಕೆಯಿಲ್ಲ, ಊರಿನ ಜನರ ಪರಿಚಯವೂ ಇಲ್ಲ. ನಾಯಿಗಳನ್ನು ನಿವಾರಿಸುವುದರಿಂದ ಅವುಗಳ ಸಂಖ್ಯೆಯಾಗಲಿ ರೇಬೀಸ್ ಹರಡುವುದಾಗಲಿ ಗಣನೀಯವಾಗಿ ತಗ್ಗಿದ್ದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1992ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು.

ಬೇರೆ ದಾರಿಯೊಂದನ್ನು ಅದೇ ಮದರಾಸಿನಲ್ಲಿ ಕೆಲವರು ಮೊದಲೇ ಸೂಚಿಸಿದ್ದರು. ವಿಮಾನ ಚಾಲಕರಾಗಿದ್ದ ಕ್ಯಾಪ್ಟನ್ ವಿ. ಸುಂದರಂ ಅವರು 1959ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಪ್ರಾಣಿಸೇವೆ ಮುಂದೆ ಬ್ಲೂ ಕ್ರಾಸ್ ಆಯಿತು. 1964ರಲ್ಲಿ ಅವರು, ನಾಯಿಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡುವ ಕ್ರಮವನ್ನು ಮುಂದಿಟ್ಟರು. ನಗರಾಡಳಿತ ಅದನ್ನು ಒಪ್ಪಿ, ಕೊಲ್ಲುವುದನ್ನು ಕೈಬಿಟ್ಟದ್ದು 1996ರಲ್ಲಿ. ನಡುವೆ ಮೂವತ್ತೆರಡು ವರ್ಷಗಳು ಕಳೆದಿದ್ದವು. ನಾನು ಪುರಸಭೆಗೆ ಪತ್ರ ಬರೆದಾಗ ಆ ವಿಚಾರಕ್ಕೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂದು ಯಾರನ್ನೂ ಕೇಳಲೂ ಇಲ್ಲ. ನಮ್ಮೂರಿನ ಪಶು ಆಸ್ಪತ್ರೆ ಶಾಲೆಯಿಂದ ಎರಡು ಫರ್ಲಾಂಗು ದೂರದಲ್ಲಿತ್ತು.

ಕಾನೂನಿನ ಕಥೆಯೂ ಇಷ್ಟೇ ನಿಧಾನದ್ದು. ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆದರೆ ದಯೆಗಾಗಿ ಹುಟ್ಟಿದ ಆ ಕಾಯ್ದೆಯೇ, ಬೀದಿನಾಯಿಗಳನ್ನು ಮಾರಕ ಕೋಣೆಗಳಲ್ಲಿ ಕೊಲ್ಲುವುದು ಹಿಂಸೆಯಲ್ಲವೆಂದು ಒಂದು ವಿನಾಯಿತಿಯನ್ನು ಉಳಿಸಿಕೊಂಡಿತ್ತು. 2001ರ ಡಿಸೆಂಬರಿನಲ್ಲಿ ಅದೇ ಕಾಯ್ದೆಯಡಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳು ಬಂದವು. ಹಿಡಿಯುವುದು, ಶಸ್ತ್ರಚಿಕಿತ್ಸೆ, ಲಸಿಕೆ, ಮರಳಿ ಅದೇ ಜಾಗಕ್ಕೆ ಬಿಡುವುದು ಎಂಬ ಕ್ರಮ ಇಡೀ ದೇಶಕ್ಕೆ ಅನ್ವಯವಾಯಿತು. 2023ರ ಮಾರ್ಚಿಯಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. ಬೀದಿನಾಯಿಗಳಿಗೆ ಆಹಾರ ಹಾಕುವ ಜಾಗವನ್ನು ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಬಾಗಿಲುಗಳಿಂದ ದೂರದಲ್ಲಿ ಗೊತ್ತುಮಾಡಬೇಕೆಂಬುದನ್ನೂ ಇವು ಹೇಳಿದವು.

ಈ ಕ್ರಮ ನಿಜವಾಗಿ ಫಲ ಕೊಡುವುದೇ ಎಂದು ನೀವು ಕೇಳಬೇಕು. ಆಧಾರವಿಲ್ಲದೆ ಏನನ್ನೂ ಒಪ್ಪಬೇಡಿರೆಂದು ಕಲಿಸಿದವನು ನಾನೇ. ಜಯಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಸಂಸ್ಥೆ 1994ರಿಂದ 2002ರವರೆಗೆ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿತು. ಆ ಪ್ರದೇಶದ ಹೆಣ್ಣುನಾಯಿಗಳಲ್ಲಿ ಶೇಕಡ 65ರಷ್ಟಕ್ಕೆ ಚಿಕಿತ್ಸೆ ಮುಟ್ಟಿದಾಗ, ನಾಯಿಗಳ ಸಂಖ್ಯೆ ಶೇಕಡ 28ರಷ್ಟು ಇಳಿಯಿತು. ಅಲ್ಲಿ ಮನುಷ್ಯರಲ್ಲಿ ರೇಬೀಸ್ ಪ್ರಕರಣಗಳು ಇಲ್ಲವಾದವು. ನಮ್ಮ ನೆರೆಯ ಗೋವಾದಲ್ಲಿ 2013ರಿಂದೀಚೆಗೆ ಸರ್ಕಾರವೂ 'ಮಿಷನ್ ರೇಬೀಸ್' ಸಂಸ್ಥೆಯೂ ಕೂಡಿ, ಬೀದಿಬೀದಿ ತಿರುಗಿ, ವರ್ಷಕ್ಕೆ ಸುಮಾರು 95,000 ನಾಯಿಗಳಿಗೆ ಲಸಿಕೆ ಹಾಕುವ ಮಟ್ಟಕ್ಕೆ ಬಂದವು. ನಾಯಿಗಳಲ್ಲಿ ರೇಬೀಸ್ ಶೇಕಡ 92ರಷ್ಟು ತಗ್ಗಿತು. ಮನುಷ್ಯರ ಸಾವು ನಿಂತಿತು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಬೆಂಗಳೂರಿನ ಚರಿತ್ರೆ ಇಷ್ಟು ನೇರವಾದುದಲ್ಲ. 2007ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಎರಡು ಎಳೆಯ ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದರು. ಜನರ ಆಕ್ರೋಶದ ನಡುವೆ ನಾಯಿಗಳನ್ನು ಸಾಮೂಹಿಕವಾಗಿ ಹಿಡಿಯುವ, ಕೊಲ್ಲುವ ಕೆಲಸ ನಡೆಯಿತು. ಆ ತಾಯಂದಿರ ಮುಂದೆ ಯಾವ ಅಂಕಿ ಅಂಶವನ್ನಾದರೂ ಯಾರು ಹೇಳಬಲ್ಲರು? ಆದರೆ ಆ ಕೊಲೆಗಳಿಂದ ಬೆಂಗಳೂರಿನ ನಾಯಿ ಸಮಸ್ಯೆ ಬಗೆಹರಿಯಲಿಲ್ಲ ಎಂಬುದೂ ನಿಜ. ನಗರಪಾಲಿಕೆಯ ಸಮೀಕ್ಷೆಗಳ ಪ್ರಕಾರ 2019ರಲ್ಲಿ ಬೀದಿನಾಯಿಗಳು ಸುಮಾರು 3.10 ಲಕ್ಷ, 2023ರಲ್ಲಿ 2.79 ಲಕ್ಷ. ಇದೇ ನಾಲ್ಕು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇಕಡ 51ರಿಂದ ಶೇಕಡ 71ಕ್ಕೆ ಏರಿತ್ತು. ಇಳಿಕೆ ದೊಡ್ಡದೇನಲ್ಲ, ಆದರೂ ವಿಷವಿಲ್ಲದೆ ಆದ ಇಳಿಕೆ.

2025ರಲ್ಲಿ ಈ ವಿವಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಒಯ್ಯಬೇಕು, ಮರಳಿ ಬಿಡಬಾರದು ಎಂದು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ತಗಲಿದ ಇಲ್ಲವೇ ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬೇಕೆಂದಿತು. ಕಂಡಲ್ಲಿ ಅನ್ನ ಹಾಕದೆ ಗೊತ್ತಾದ ಜಾಗಗಳಲ್ಲಿಯೇ ಹಾಕಬೇಕೆಂದೂ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಿ, ಅಲ್ಲಿಗೇ ಮರಳಿ ಬಿಡಕೂಡದೆಂದು ಆದೇಶವಾಯಿತು. ಮುಂಬಯಿಯಲ್ಲಿ 1832ರಲ್ಲಿ ಎದ್ದ ಪ್ರಶ್ನೆಗಳೇ ಇವು: ಕೊಲ್ಲುವುದೋ, ಕೂಡಿಹಾಕುವುದೋ, ಬೀದಿಯಲ್ಲಿಯೇ ಇಟ್ಟು ಸಂಭಾಳಿಸುವುದೋ?

ಈ ಚರಿತ್ರೆಯಿಂದ ನಾನು ಕಲಿತ ಪಾಠ ಒಂದೇ. ಅನ್ನ, ಚಿಕಿತ್ಸೆ, ಸಂತಾನಹರಣ ಈ ಮೂರೂ ಒಂದೇ ಕೆಲಸದ ಮೂರು ಭಾಗಗಳು. ಒಂದನ್ನು ಮಾಡಿ ಎರಡನ್ನು ಬಿಟ್ಟರೆ ದಯೆಯೇ ತೊಂದರೆಗೆ ದಾರಿಯಾದೀತು. ನಾವು ಕೆಂಚಿಗೆ ಮೂರು ವರ್ಷ ಅನ್ನ ಹಾಕಿದೆವು. ಉಳಿದೆರಡನ್ನು ಮಾಡಲಿಲ್ಲ. ಮರಿಗಳಿದ್ದುದರಿಂದ ಅದು ಕಚ್ಚಿತು. ಲಸಿಕೆಯಿಲ್ಲದ್ದರಿಂದ ಆ ಹುಡುಗ ಹದಿನಾಲ್ಕು ಚುಚ್ಚುಮದ್ದು ತೆಗೆದುಕೊಳ್ಳಬೇಕಾಯಿತು. ಭಯದಿಂದ ನಾವು ವಿಷಕ್ಕೆ ಕೈ ಚಾಚಿದೆವು. ನಮ್ಮ ಕೈಯ ಅನ್ನ ಅದರಲ್ಲಿ ಬೆಳೆಸಿದ್ದ ನಂಬಿಕೆಯೇ ಕೊನೆಗೆ ಆ ವಿಷವನ್ನು ತಿನ್ನಿಸಿತು.

ಆದ್ದರಿಂದ, ಕರೆ ಮಾಡಿದ ನನ್ನ ವಿದ್ಯಾರ್ಥಿನಿಗೆ ಹೇಳಬೇಕಾದದ್ದು ಇಷ್ಟು. ತಾಯೀ, ದೂರದ ತೋಟಕ್ಕೆ ಬಿಟ್ಟುಬರುವುದು ಪರಿಹಾರವಲ್ಲ. ಹಾಗೆ ಬಿಟ್ಟ ನಾಯಿ ಅಪರಿಚಿತ ಹಿಂಡಿನ ನಡುವೆ ಬಹುಕಾಲ ಬಾಳಲಾರದು. ನಿಮ್ಮ ಬೀದಿಗೆ ಬೇರೊಂದು ಬರುತ್ತದೆ. ನಿಮ್ಮ ಸಂಘದವರು ಜಗಳ ಬಿಟ್ಟು ಮೊದಲು ಎಣಿಸಲಿ. ಎಷ್ಟು ನಾಯಿ, ಎಷ್ಟು ಹೆಣ್ಣು, ಎಷ್ಟರ ಕಿವಿಯಲ್ಲಿ ಶಸ್ತ್ರಚಿಕಿತ್ಸೆಯ ಗುರುತಾದ ಕಚ್ಚು ಇದೆ ಎಂದು ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಅನ್ನ ಹಾಕುವವರ ನೆರವು ಇಲ್ಲಿ ಬೇಕೇ ಬೇಕು. ನಾಯಿ ಯಾರ ಕೈಗೆ ಸಿಗುತ್ತದೆ, ಯಾವುದು ಕುಂಟುತ್ತಿದೆ, ಯಾವುದಕ್ಕೆ ಕಜ್ಜಿಯಾಗಿದೆ, ಯಾವುದರ ಗಾಯಕ್ಕೆ ಹುಳು ಬಿದ್ದಿದೆ ಎಂಬುದು ಅವರಿಗೇ ಗೊತ್ತು. ನಗರಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಆ ಪಟ್ಟಿಯನ್ನು ಕೊಟ್ಟು, ಹತ್ತರಲ್ಲಿ ಮೂರನ್ನು ಹಿಡಿದು ಸುಮ್ಮನಾಗದೆ, ಕನಿಷ್ಠ ಏಳೆಂಟಾದರೂ ಆಗುವವರೆಗೆ ಬೆನ್ನು ಹತ್ತಿರಿ. ಉಳಿದ ಎರಡು ಹೆಣ್ಣುನಾಯಿಗಳು ಸಾಕು, ಎರಡು ವರ್ಷದಲ್ಲಿ ಮೊದಲಿನ ಲೆಕ್ಕಕ್ಕೆ ತಂದು ನಿಲ್ಲಿಸಲು. ಶಸ್ತ್ರಚಿಕಿತ್ಸೆ ಒಮ್ಮೆ ಆದರೆ ಸಾಕು; ಲಸಿಕೆ ಮಾತ್ರ ವರ್ಷ ವರ್ಷವೂ ಬೇಕು. ಗೋವಾದವರು ಗೆದ್ದದ್ದು ಈ ಎರಡನೆಯದನ್ನು ಮರೆಯದೆ ಇದ್ದುದರಿಂದ.

ಅನ್ನ ಹಾಕುವವರಿಗೂ ಒಂದು ಮಾತು. ಗೊತ್ತಾದ ಜಾಗ, ಗೊತ್ತಾದ ಹೊತ್ತು ಇರಲಿ. ತಿಂದು ಉಳಿದದ್ದನ್ನು ಎತ್ತಿಬಿಡಿ. ರಾತ್ರಿ ಪಾಳಿ ಮುಗಿಸಿ ಬರುವವರು, ಬೆಳಗಿನ ಜಾವ ಹಾಲು ಪತ್ರಿಕೆ ಹಾಕುವ ಹುಡುಗರು, ಮುದುಕರು ನಾಯಿಗೆ ಹೆದರುವುದು ಅವರ ತಪ್ಪಲ್ಲ. ಮಕ್ಕಳಿಗೆ ಇದನ್ನು ಕಲಿಸಿರಿ: ಮರಿಯಿರುವ, ತಿನ್ನುತ್ತಿರುವ, ಮಲಗಿರುವ ನಾಯಿಯ ಹತ್ತಿರ ಹೋಗಬಾರದು. ಕಚ್ಚಿದರೆ ಕೂಡಲೇ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮಂತ್ರ ಎಂದು ಒಂದು ದಿನವನ್ನೂ ಕಳೆಯಬಾರದು. 2003ರ ಸುಮಾರಿನ ರಾಷ್ಟ್ರೀಯ ಸಮೀಕ್ಷೆ ನಮ್ಮ ದೇಶದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜಿಸಿತ್ತು. 2025ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು 5,726. ಕಡಿಮೆಯಾಗಿದೆ, ನಿಜ. ಆದರೆ ಸಕಾಲದ ಲಸಿಕೆಯಿಂದ ತಡೆಯಬಹುದಾದ ರೋಗದಲ್ಲಿ ಒಂದು ಸಾವೂ ಹೆಚ್ಚೇ.

ಕೊನೆಯದಾಗಿ, 1978ರ ಆ ಎಂಟನೆಯ ತರಗತಿಯ ಮಕ್ಕಳೇ, ನೀವೆಲ್ಲ ಈಗ ಅರವತ್ತರ ಆಚೀಚೆ ಇದ್ದೀರಿ. ಸತ್ಯವನ್ನು ತಾಳಿಕೊಳ್ಳುವ ವಯಸ್ಸು ನಿಮಗೆ ಆಗಲೂ ಇತ್ತೇನೋ; ಹೇಳುವ ಧೈರ್ಯ ನನಗಿರಲಿಲ್ಲ. ಕೆಂಚಿ ತೋಟದಲ್ಲಿ ಇರಲಿಲ್ಲ. ಶಾಲೆಯ ಹಿಂದಿನ ಹಳ್ಳದ ದಂಡೆಯಲ್ಲಿ ಇತರ ಆರು ನಾಯಿಗಳೊಂದಿಗೆ ಹೂಳಲ್ಪಟ್ಟಿತು. ಪತ್ರ ನನ್ನ ಕೈಬರಹದ್ದು. ಕಚ್ಚಿಸಿಕೊಂಡ ಆ ಹುಡುಗನ ಹಾಗೂ ಕೆಂಚಿಯ, ಇಬ್ಬರ ಮುಂದೆಯೂ ನಾನು ತಪ್ಪಿತಸ್ಥ. ಸರಮೆಯ ಪ್ರಶ್ನೆಯನ್ನು ನಿಮಗೆ ಪಾಠ ಮಾಡಿದವನಿಗೆ ಆ ಪ್ರಶ್ನೆ ತನ್ನದೂ ಹೌದೆಂದು ಆಗ ತಿಳಿಯಲಿಲ್ಲ.

ನಿಮ್ಮಲ್ಲಿ ಯಾರಾದರೂ ಈ ತಿಂಗಳು ನಿಮ್ಮ ಬೀದಿಯ ಒಂದು ಹೆಣ್ಣುನಾಯಿಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದರೆ, ನನಗೆ ಒಂದು ಸಾಲು ಬರೆಯಿರಿ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಗುರುಕಾಣಿಕೆ ಬೇಡ.

ಎಲ್ಲರಿಗೂ ಒಳಿತಾಗಲಿ.

ಇತಿ,
ನಿಮ್ಮ ಮೇಷ್ಟ್ರು